ಅತ್ತೆಯ ಕಾಲು ಮತ್ತು ವಿರೂಢ ಬಯೋಟೆಕ್

ಜೂನ್ 18, ಮಂಗಳವಾರ

ಷೇರು ಕೊಂಡವನು ಯಾಕೆ ಕೊಂಡೆ ಎಂಬುದನ್ನು ಅದೇ ದಿನ ಬರೆದಿಡಬೇಕಂತೆ. ಇಲ್ಲವಾದರೆ ಆಮೇಲೆ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಾನಂತೆ. ಇದು ಇಮ್ರಾನನ ಉಪದೇಶ. ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವನದು ಔಷಧಿ ಅಂಗಡಿ, ಪಕ್ಕದಲ್ಲಿ ನನ್ನ ಫೋಟೊ ಸ್ಟುಡಿಯೊ. ಮದುವೆ ಸೀಜನ್ ಮುಗಿಯಿತೆಂದರೆ ಇಡೀ ದಿನಕ್ಕೆ ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆದರೆ ಹೆಚ್ಚು. ಖಾಲಿ ಕೂತ ತಲೆಗೆ ಎರಡು ವರ್ಷದಿಂದ ಷೇರಿನ ಹುಚ್ಚು ಹತ್ತಿದೆ, ಅದರಲ್ಲೂ ಬಯೋಟೆಕ್ ಕಂಪನಿಗಳದ್ದು. ಲಸಿಕೆ, ಕಿಣ್ವ, ಜೀವಕೋಶ ಎಂಬ ಮಾತು ಕಂಡರೆ ಸಾಕು, ಕೈ ತಡೆಯುವುದಿಲ್ಲ. ಈ ವಿದ್ಯೆಯಲ್ಲಿ ನನ್ನ ಅರ್ಹತೆ ಏನೆಂದರೆ, ಹತ್ತನೇ ತರಗತಿಯಲ್ಲಿ ಕಪ್ಪೆಯ ಹೃದಯದ ಚಿತ್ರವನ್ನು ಚೆಂದ ಬಿಡಿಸಿದ್ದೆ. ಮಾಸ್ತರರು ಇಡೀ ವರ್ಗಕ್ಕೆ ತೋರಿಸಿದ್ದರು.

ಇಂದು ಕೊಂಡದ್ದು ವಿರೂಢ ಬಯೋಟೆಕ್. ಕಾರಣ, ನನ್ನ ಅತ್ತೆ ಮಾನವ್ವನವರ ಬಲಗಾಲು.

ಅತ್ತೆ ಸವಡಿಯವರು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶವೇ ತಿಳಿಯುವುದಿಲ್ಲ. ಜಾಲಿ ಮುಳ್ಳು ಹೊಕ್ಕು, ಮುರಿದು, ಕೀವಾದರೂ ಗೊತ್ತಾಗಲಿಲ್ಲ. ಹೆಬ್ಬೆರಳ ಬುಡದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಹುಣ್ಣು. ನನ್ನ ಹೆಂಡತಿ ಉಮಾ ತನ್ನ ಅವ್ವನನ್ನು ಇಲ್ಲಿಗೇ ಕರೆತಂದಿದ್ದಾಳೆ. ನಿನ್ನೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಡಾಕ್ಟರು, ದೀಪಾವಳಿಯೊಳಗೆ ಇದು ಮುಚ್ಚದಿದ್ದರೆ ಅರ್ಧ ಪಾದ ತೆಗೆಯಬೇಕಾಗುತ್ತದೆ ಎಂದರು. ಅಲ್ಲೇ ಒಂದು ಹೊಸ ಮುಲಾಮಿನ ಪ್ರಯೋಗ ನಡೆದಿದೆ. ಭಾರತಿ ಸಿಸ್ಟರ್ ವಿವರಿಸಿದರು: ಕೆಲವರಿಗೆ ಔಷಧವಿರುವ ಮುಲಾಮು, ಕೆಲವರಿಗೆ ಬರಿ ಮುಲಾಮು, ಯಾರಿಗೆ ಯಾವುದು ಎಂದು ಡಾಕ್ಟರಿಗೂ ತಿಳಿದಿರುವುದಿಲ್ಲ. ಅತ್ತೆ ಹೆಬ್ಬೆಟ್ಟು ಒತ್ತಿದರು. ಕಾಗದದ ತುದಿಯಲ್ಲಿ ಕಂಪನಿಯ ಹೆಸರು ನನ್ನ ಕಣ್ಣಿಗೆ ಬಿತ್ತು.

ವಿರೂಢದ ಷೇರು ಎಷ್ಟೋ ಜನ ಕೊಂಡಿರಬಹುದು. ಆದರೆ ಅದರ ಔಷಧ ಅವರ್ಯಾರ ಪಡಸಾಲೆಯಲ್ಲೂ ಕಾಲು ಚಾಚಿ ಕೂತಿಲ್ಲ.

ಜೂನ್ 27, ಗುರುವಾರ

ಷೇರು ಮೂರು ದಿನ ಏರಿತು, ಎರಡು ದಿನ ಇಳಿಯಿತು. ಊಟ ಮಾಡುವಾಗಲೂ ಫೋನು ನೋಡುತ್ತೇನೆಂದು ಉಮಾ ಅದನ್ನು ಅಟ್ಟದ ಅಕ್ಕಿ ಡಬ್ಬಿಯ ಮೇಲೆ ಎತ್ತಿಟ್ಟಳು. ಸ್ಟೂಲು ಹಾಕಿ ತೆಗೆದುಕೊಂಡೆ.

ಮುಲಾಮು ತಣ್ಣಗಿರಬೇಕು. ಮಧ್ಯಾಹ್ನ ಕರೆಂಟ್ ಹೋಯಿತೆಂದು ಟ್ಯೂಬನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಇಮ್ರಾನನ ಅಂಗಡಿಗೆ ಓಡಿದೆ. ಅವನ ಫ್ರಿಜ್ಜಿಗೆ ಬ್ಯಾಟರಿ ಇದೆ.

"ಅಣ್ಣಾ, ಇದು ಬರೇ ಮುಲಾಮ ಇದ್ರ ಹ್ಯಾಂಗ್ರಿ?" ಎಂದ.

"ಮೂಸಿ ನೋಡು. ಬರೇ ಮುಲಾಮ ಆಗಿದ್ರ ಇಷ್ಟ್ಯಾಕ ನಾರ್ತಿತ್ತೋ?"

"ಗೊತ್ತಾಗಬಾರದಂತನ ಎರಡಕ್ಕೂ ಒಂದ ವಾಸನಿ ಹಾಕಿರ್ತಾರ್ರಿ."

ಇಷ್ಟು ವರ್ಷ ಔಷಧಿ ಮಾರಿಯೂ ಇಮ್ರಾನನಿಗೆ ಜನರ ನಾಡಿ ತಿಳಿದಿಲ್ಲ. ನಮ್ಮ ಕಡೆ ನಾತ ಬರದ ಔಷಧವನ್ನು ಯಾರೂ ನಂಬುವುದಿಲ್ಲ. ಕಹಿ ಇರದ ಕಷಾಯ, ಉರಿಯದ ಟಿಂಚರು ಎಲ್ಲಾದರೂ ಗುಣ ಮಾಡಿದ್ದುಂಟೆ? ಈ ಮುಲಾಮಿನ ಮುಚ್ಚಳ ತೆಗೆದರೆ ಬೆಕ್ಕು ಎದ್ದು ಹೊರಗೆ ಹೋಗುತ್ತದೆ. ಅದರಲ್ಲಿ ಔಷಧ ಇದ್ದೇ ಇದೆ.

ಜುಲೈ 8, ಸೋಮವಾರ

ಇಂದಿನಿಂದ ಹುಣ್ಣು ತೊಳೆದು ಕಟ್ಟುವ ಕೆಲಸ ನನ್ನದು. ಉಮಾ ನರೇಗಲ್ಲಿನ ಶಾಲೆಯಲ್ಲಿ ಟೀಚರು. ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಎರಡು ಸಲ ಒರೆಸಿ, ಮುಲಾಮು ಮೆತ್ತಿ, ಗಂಟು ಹಾಕಿ ಓಡುತ್ತಾಳೆ. ಹೀಗಾದರೆ ಒಳ್ಳೆಯ ಔಷಧಕ್ಕೂ ಕೆಟ್ಟ ಹೆಸರು ಬರುತ್ತದೆ. ಅದು ಕಂಪನಿಗೆ ಮಾಡುವ ಅನ್ಯಾಯ.

ಅತ್ತೆಯನ್ನು ಒಪ್ಪಿಸುವುದರಲ್ಲಿ ಸಾಕುಸಾಕಾಯಿತು. ಮದುವೆಯಾದ ಹದಿನಾರು ವರ್ಷದಲ್ಲಿ ನನ್ನೆದುರು ಅವರು ಕುರ್ಚಿಯ ಮೇಲೆ ಕೂತವರಲ್ಲ, ಸೆರಗು ಜಾರಿಸಿದವರಲ್ಲ.

"ಅಳಿಯಂದ್ರು ನನ್ನ ಕಾಲ ಮುಟ್ಟೂದಾ? ಬ್ಯಾಡ್ರೀ. ಲಗ್ನದಾಗ ಹಿತ್ತಾಳಿ ಪರಾತದಾಗ ನಿಮ್ಮ ಕಾಲ ತೊಳದಾಕಿ ನಾ."

"ದವಾಖಾನ್ಯಾಗ ಡಾಕ್ಟರ್ ಮುಟ್ಟೂದಿಲ್ಲೇನ್ರಿ ಅತ್ತೀ?"

"ಡಾಕ್ಟರ್ ನಮ್ಮ ಅಳಿಯ ಅಲ್ಲಲ್ರೀ."

ಬಿಸಿನೀರು ಆರಿ, ಮತ್ತೊಮ್ಮೆ ಕಾಯಿಸಿ ತಂದೆ. ಕೊನೆಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಗೋಡೆಯ ಕಡೆ ತಿರುಗಿ, ಆ ಕಾಲು ಬೇರೆ ಯಾರದೋ ಎಂಬಂತೆ ನನ್ನ ಕಡೆ ನೂಕಿದರು. ತೊಳೆಯುವಷ್ಟು ಹೊತ್ತೂ ಬಾಯಲ್ಲಿ ಶಿವ ಶಿವ ಎನ್ನುತ್ತಿದ್ದರು. ಹುಣ್ಣಿನ ಅಂಚಿಗೆ ಬಿಳಿ ಜಡ್ಡು ಕಟ್ಟಿದೆ. ಇಷ್ಟು ದಿನ ಉಮಾ ಅದನ್ನು ನೋಡಿಯೇ ಇಲ್ಲ.

ಜುಲೈ 14, ಭಾನುವಾರ

ಸ್ಟುಡಿಯೊದ ದೀಪಗಳನ್ನು ಮನೆಗೆ ತಂದು ಕಾಲಿನ ಫೋಟೊ ತೆಗೆದೆ. ಇನ್ನು ಪ್ರತಿ ಭಾನುವಾರ ತೆಗೆಯುವುದು. ವಧುವಿಗೆ ಬಿಡುವಂತೆ ಎರಡೂ ಬದಿಯಿಂದ ಬೆಳಕು ಬಿಟ್ಟಿದ್ದೆ. ಅತ್ತೆ ಸೆರಗಿನೊಳಗೇ ನಕ್ಕರು. "ಇಷ್ಟ ವರ್ಸದಾಗ ನನ್ನ ಮಾರಿದ ಒಂದ ಫೋಟೊ ತಗದಿಲ್ರಿ ನೀವು, ಕಾಲಿಂದ ತಗೀತೀರಿ" ಎಂದರು.

ಮಾತು ನಿಜ. ನನಗೆ ಹೊಳೆದೇ ಇರಲಿಲ್ಲ.

ಹುಣ್ಣು ಅವರೆಕಾಳಿನಷ್ಟಾಗಿದೆ! ಮೇಲುಗಡೆ ಕೆಂಪು ಮಾಂಸ ತುಂಬಿದೆ. ಕಂಪನಿಯ ಷೇರುದಾರರಲ್ಲಿ ಈ ಸುದ್ದಿ ಗೊತ್ತಿರುವುದು ನನಗೊಬ್ಬನಿಗೇ. ಕೈಕಾಲು ನಿಂತಲ್ಲಿ ನಿಲ್ಲುತ್ತಿಲ್ಲ.

ಜುಲೈ 16, ಮಂಗಳವಾರ

ಡ್ರೋನ್ ಕ್ಯಾಮೆರಾಕ್ಕೆಂದು ಕೂಡಿಸಿಟ್ಟದ್ದನ್ನೆಲ್ಲ ವಿರೂಢಕ್ಕೆ ಹಾಕಿದೆ. ತುಳಸಿ ಲಗ್ನದ ನಂತರ ಮದುವೆಗಳು ಶುರುವಾಗುತ್ತವೆ. ಡ್ರೋನ್ ಇಲ್ಲದವನನ್ನು ಈಗ ರೋಣದಲ್ಲಾಗಲಿ ನರಗುಂದದಲ್ಲಾಗಲಿ ಯಾರೂ ಕರೆಯುವುದಿಲ್ಲ. ಅಷ್ಟರಲ್ಲಿ ಹಣ ಎರಡರಷ್ಟಾಗಿರುತ್ತದೆ. ಉಮಾಗೆ ಹೇಳಿಲ್ಲ. ಒಂದೇ ಸಲ ಡ್ರೋನ್ ಹಾರಿಸಿ ತೋರಿಸಿದರಾಯಿತು.

ಜುಲೈ 23, ಮಂಗಳವಾರ

ಇಳಿದಿದೆ. ಯಾಕೆ? ಕಾಲು ಚೆನ್ನಾಗಿಯೇ ಇದೆಯಲ್ಲ!

ಆಗಸ್ಟ್ 4, ಭಾನುವಾರ

ನಾಳೆ ಶ್ರಾವಣದ ಮೊದಲ ಸೋಮವಾರ. ಅತ್ತೆಗೆ ಕಾಲಕಾಲೇಶ್ವರನ ಹರಕೆ ಇದೆ. ಪ್ರತಿ ಶ್ರಾವಣ ಸೋಮವಾರ ಬರಿಗಾಲಲ್ಲಿ ಗುಡ್ಡದ ಮೆಟ್ಟಿಲು ಹತ್ತಬೇಕು. ಉಮಾ ಹುಟ್ಟಿದಾಗಿನಿಂದ ತಪ್ಪಿಸಿಲ್ಲವಂತೆ. ಕಲ್ಲು ಮೆಟ್ಟಿಲು, ಹುಣ್ಣು ಬಿದ್ದ ಕಾಲು! ಉಮಾ ಅತ್ತಳು, ನಾನು ಕೂಗಾಡಿದೆ. "ದೇವರಿಗೆ ಸಾಲ ಇಡಬಾರದು" ಎಂದು ಅವರು ಕಂಬ ಹಿಡಿದು ಕೂತರು.

ಕೊನೆಗೆ ನಾನೇ ಅಂದುಬಿಟ್ಟೆ: "ಅತ್ತೀ, ನಿಮ್ಮ ಬದಲಿ ನಾ ಬರಿಗಾಲಲೆ ಹೋದ್ರ ನಡೀತೈತೇನ್ರಿ?"

ಅತ್ತೆ ಕಂಬ ಬಿಟ್ಟರು. "ಅಳಿಯ ಮಗನ ಸಮಾನ. ನಡೀತೈತಿ. ಆದ್ರ ಮನಿ ಹೊಸ್ತಿಲದಿಂದನ ಬರಿಗಾಲ ಆಗಬೇಕು. ಗುಡ್ಡದ ಬುಡಕ್ಕ ಹೋಗಿ ಚಪ್ಪಲ ಬಿಟ್ರ ಬರೋಬ್ಬರಿ ಅಲ್ಲ."

ಷೇರಿಗಾಗಿ ಏನೆಲ್ಲ ಮಾಡಬೇಕಪ್ಪಾ.

ಆಗಸ್ಟ್ 5, ಸೋಮವಾರ

ಊರಿನಿಂದ ಗುಡ್ಡದವರೆಗೆ ಇಷ್ಟೊಂದು ಕಲ್ಲಿವೆಯೆಂದು ಬೈಕಿನಲ್ಲಿ ಹೋದವನಿಗೆ ತಿಳಿಯುವುದಿಲ್ಲ. ಡಾಂಬರು ಮುಗಿದ ಮೇಲೆ ಗರಸಿನ ಹಾದಿ. ಮೆಟ್ಟಿಲ ಹತ್ತಿರ ಪರಿಚಯದವರು ಸಿಕ್ಕು, "ಏನ್ ದ್ಯಾಮೇಶಣ್ಣಾ, ಭಕ್ತಿ ಭಾಳ ಆತಲ್ಲ" ಎಂದರು. ಬಯೋಟೆಕ್ ಎಂದರೆ ಅರ್ಥವಾಗುತ್ತಿರಲಿಲ್ಲ. ಹೌದು ಎಂದೆ. ಮೇಲೆ ನಿಂತಾಗ ಸುತ್ತಲಿನ ಗುಡ್ಡಗಳ ಗಾಳಿಯಂತ್ರಗಳೆಲ್ಲ ತಿರುಗುತ್ತಿದ್ದವು. ಅಂಗಾಲು ಉರಿಯುತ್ತಿತ್ತು. ಅತ್ತೆ ಇಷ್ಟು ವರ್ಷ ಹೀಗೇ ಹತ್ತುತ್ತಿದ್ದರೇ?

ಮನೆಗೆ ಬಂದಾಗ ಅತ್ತೆ ಮೊದಲು ಪ್ರಸಾದ ಕೇಳಲಿಲ್ಲ. ನನ್ನ ಕಾಲನ್ನೇ ನೋಡಿದರು.

ಆಗಸ್ಟ್ 27, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆದೇ ತೀರಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ಶ್ರಾವಣದ ನಾಲ್ಕನೇ ಸೋಮವಾರ. ನರಗುಂದದಲ್ಲಿ ಒಂದು ನಿವೃತ್ತಿ ಸಮಾರಂಭದ ಫೋಟೊ ಕೆಲಸವಿತ್ತು. ಸಂಜೆ ಬಂದು ಗುಡ್ಡ ಹತ್ತುತ್ತೇನೆ ಎಂದು ಹೇಳಿಯೇ ಹೋಗಿದ್ದೆ. ಭಾಷಣಗಳು ಮುಗಿಯಲಿಲ್ಲ, ಬಸ್ಸು ಸಿಗಲಿಲ್ಲ. ಮನೆ ಮುಟ್ಟಿದಾಗ ಅತ್ತೆ ಮಲಗಿದ್ದರು. ಇಂದು ಬೆಳಿಗ್ಗೆ ಪಟ್ಟಿ ಬಿಚ್ಚಿದೆ. ಪಟ್ಟಿಯ ಒಳಗೆ ಗರಸು ಮಣ್ಣು. ಕಡಲೆಯಷ್ಟಾಗಿದ್ದ ಹುಣ್ಣು ಬಾಯಿ ಬಿಟ್ಟು, ರಕ್ತ ಒಸರಿ, ಮೊದಲಿಗಿಂತ ದೊಡ್ಡದಾಗಿದೆ.

"ಹೊತ್ತ ಮುಳಗಾಕ ಬಂದಿತ್ರಿ. ನೀವು ಬರಲಿಲ್ಲ. ಅದಕ್ಕ ಓಣಿ ಗುಡಿಗಂತ ಉಮಾಗ ಹೇಳಿ ನಾನ ಹೋಗಿ ಬಂದೆ" ಎಂದರು. ನೋವೇ ಇಲ್ಲದ ಕಾಲು. ಬರಿಗಾಲಲ್ಲಿ ಹತ್ತಿ ಇಳಿದು ಬಂದು ಹಾಯಾಗಿ ಮಲಗಿದ್ದಾರೆ.

ನನ್ನ ಬಾಯಿಗೆ ಹಿಡಿತ ತಪ್ಪಿತು. ಹೆಂಡತಿಯ ತಾಯಿಯ ಮೇಲೆ ಓಣಿಗೆ ಕೇಳುವಂತೆ ಕಿರುಚಿದೆ. "ನಿಮಗೇನ್ರಿ? ನನ್ನ ಡ್ರೋನಿನ ರೊಕ್ಕ ಅಷ್ಟೂ ಈ ಕಾಲಿನ ಮ್ಯಾಲ ಐತಿ!"

ಉಮಾ ಡಬ್ಬಿ ಕಟ್ಟುತ್ತಿದ್ದವಳು ನಿಂತಳು. "ಏನಂದ್ರಿ?"

ಎಲ್ಲ ಹೇಳಬೇಕಾಯಿತು. ವಿರೂಢ, ಷೇರು, ಭಾನುವಾರದ ಫೋಟೊ.

"ಅಂದ್ರ ನಮ್ಮವ್ವನ ಕಾಲಿನ ಮ್ಯಾಲ ಜೂಜ ಆಡಾಕತ್ತೀರಿ."

"ಜೂಜಲ್ಲ ಅದು, ಇನ್ವೆಸ್ಟ್‌ಮೆಂಟ್."

ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು. ಜೂಜು ಎಂಬ ಮಾತು ಇಡೀ ದಿನ ಕಿವಿಯಲ್ಲಿದೆ. ಜೂಜಾಡುವವನು ದಿನಾ ಬೆಳಿಗ್ಗೆ ಎದ್ದು ನೀರು ಕಾಯಿಸುತ್ತಾನೆಯೇ? ಫೋನು ಎರಡು ಸಲ ನೋಡಿದೆ, ಷೇರು ಏರಿತ್ತು. ಸಂತೋಷವಾಗಲಿಲ್ಲ.

ಆಗಸ್ಟ್ 28, ಬುಧವಾರ

ಇಂದು ಉಮಾನೇ ಕಟ್ಟಿದಳು. ನನ್ನನ್ನು ಹತ್ತಿರ ಬಿಡಲಿಲ್ಲ. ಬಾಗಿಲ ಹೊರಗೆ ನಿಂತು ನೋಡಿದೆ. ಹತ್ತಿಯನ್ನು ಹಿಂಡದೆ ಹಾಗೇ ಇಟ್ಟಳು. ಬೆರಳ ಸಂದಿ ಒರೆಸಲೇ ಇಲ್ಲ.

ಆಗಸ್ಟ್ 29, ಗುರುವಾರ

ಬೆಳಿಗ್ಗೆ ಅತ್ತೆ ಕರೆದರು. ಗೋಡೆಯ ಕಡೆ ತಿರುಗದೆ ನೇರವಾಗಿ ಕೂತಿದ್ದರು. ಉಮಾ ಹತ್ತಿ ಹಿಡಿದು ನಿಂತಿದ್ದಳು.

"ಅಳಿಯಾರ, ನಿಮ್ಮ ಡ್ರೋನು ಅಂದ್ರ ಲಗ್ನದಾಗ ಮ್ಯಾಲ ಹಾರತೈತಲ್ಲ, ಅದಾ?"

"ಹೌದ್ರಿ."

"ಅದನ್ನ ಬಿಟ್ಟ ಇದರ ಮ್ಯಾಲ ರೊಕ್ಕ ಹಾಕೀರಿ?" ಎಂದು ತಮ್ಮ ಕಾಲನ್ನು ತಾವೇ ನೋಡಿಕೊಂಡರು. "ಸವಡ್ಯಾಗ ಈ ಕಾಲಿಗೆ ಯಾರೂ ಒಂದ ದುಗ್ಗಾಣಿ ಕಿಮ್ಮತ್ತ ಕಟ್ಟಿದ್ದಿಲ್ರಿ. ಮೊದಲ ಯಾಕ ಹೇಳಲಿಲ್ಲ? ಹೇಳಿದ್ರ ನಾ ಗುಡ್ಡಕ್ಕ ಹೋಗ್ತಿದ್ದಿಲ್ಲ. ನನ್ನ ಕಾಲ ಹೋದ್ರ ಹೋಗ್ಲಿ, ನಿಮ್ಮ ರೊಕ್ಕ ಮುಳಗಬಾರದು."

ನಾನು ಅವರ ಕಾಲ ಬುಡದಲ್ಲಿ ಕೂತೆ.

"ಉಮಾ, ಹತ್ತಿ ಅವರ ಕೈಯಾಗ ಕೊಡು. ನಿನಗ ಬರಂಗಿಲ್ಲ. ಅವರು ಚಲೋ ಕಟ್ತಾರ."

ಉಮಾ ಹತ್ತಿಯನ್ನು ನನ್ನ ಕೈಗೆ ಎಸೆದಳು. ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಸಂಜೆ ನೋಡಿದರೆ, ದವಾಖಾನೆಯವರು ಕೊಟ್ಟ ದಪ್ಪ ಅಟ್ಟೆಯ ಚಪ್ಪಲಿಯನ್ನು ಅತ್ತೆ ಮನೆಯೊಳಗೂ ಹಾಕಿಕೊಂಡಿದ್ದಾರೆ. ಅಡುಗೆ ಮನೆಯಲ್ಲಿ ಚಪ್ಪಲಿ ಮೆಟ್ಟಿದವರನ್ನು ಜೀವಮಾನವಿಡೀ ಬೈದವರು. ಒಲೆಗೆ ಕೈ ಮುಗಿದು, ತಪ್ಪಾಯಿತು ಎಂದು ಹೇಳಿ ಒಳಗೆ ಹೋಗುತ್ತಾರೆ.

ಸೆಪ್ಟೆಂಬರ್ 2, ಸೋಮವಾರ

ಕೊನೆಯ ಶ್ರಾವಣ ಸೋಮವಾರ. ಅಂಗಡಿ ತೆರೆಯುವ ಮೊದಲೇ ಹೋಗಿ ಬಂದೆ. ಗುಡ್ಡದ ಮೇಲೆ ಏನು ಬೇಡಿಕೊಳ್ಳುವುದೆಂದು ತಿಳಿಯಲಿಲ್ಲ. ಷೇರಿನ ದರವನ್ನು ದೇವರ ಮುಂದೆ ಹೇಳಲು ನಾಚಿಕೆ. ಕಾಲು ಎಂದಷ್ಟೇ ಹೇಳಿದೆ.

ಸೆಪ್ಟೆಂಬರ್ 22, ಭಾನುವಾರ

ಮತ್ತೆ ಕಡಲೆಯಷ್ಟು. ಜಡ್ಡನ್ನು ಭಾರತಿ ಸಿಸ್ಟರ್ ಕೆತ್ತಿ ತೆಗೆದ ಮೇಲೆ ಅಂಚು ಮೃದುವಾಗಿದೆ. ತೊಳೆಯುವಾಗ ಅತ್ತೆ ಈಗ ಶಿವ ಶಿವ ಎನ್ನುವುದಿಲ್ಲ, ಸವಡಿಯ ಸುದ್ದಿ ಹೇಳುತ್ತಾರೆ. ಗಂಡ ತೀರಿಕೊಂಡ ವರ್ಷ ಲಕ್ಕಲಕಟ್ಟಿಯವರೆಗೆ ಕೂಲಿಗೆ ನಡೆದು ಹೋಗುತ್ತಿದ್ದುದು, ಸೊಂಟದ ಮೇಲೆ ಉಮಾ. ಅವರ ಮುಖದ ಫೋಟೊ ಒಂದು ತೆಗೆದೆ. ಬೆಳಕು ಸರಿ ಬಂದಿದೆ.

ಅಕ್ಟೋಬರ್ 6, ಭಾನುವಾರ

ತೊಗರಿ ಕಾಳು. ಉಮಾ ಮಾತು ಶುರು ಮಾಡಿದ್ದಾಳೆ. "ಹತ್ತಿ ತೀರೇತಿ, ಇಮ್ರಾನನ ಕಡೆ ತೊಗೊಂಡ ಬರ್ರಿ" ಎಂದಳು. ಮಾತು ಅಷ್ಟೇ. ಆದರೂ ಅಂಗಡಿಯವರೆಗೆ ಹಾಡು ಗುನುಗುತ್ತ ಹೋದೆ.

"ಅಣ್ಣಾ, ವಿರೂಢ ಹದಿನೈದು ದಿನದಿಂದ ಬೀಳಾಕತ್ತೈತಿ, ನೋಡೀರೇನು?" ಎಂದ ಇಮ್ರಾನ.

ನೋಡಿರಲಿಲ್ಲ. ಹಬ್ಬದ ಗಡಿಬಿಡಿ.

ಅಕ್ಟೋಬರ್ 24, ಗುರುವಾರ

ಮುಚ್ಚಿತು! ಹುಬ್ಬಳ್ಳಿಯ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, "ಪೂರ್ತಿ ಮುಚ್ಚಿದೆ, ಪಾದಕ್ಕೆ ಇನ್ನು ಭಯವಿಲ್ಲ" ಎಂದರು. ನನಗೆ ಕಣ್ಣು ತುಂಬಿತು, ಫ್ಯಾನಿನ ಧೂಳು ಎಂದೆ. ತೆಳು ಚರ್ಮವಾದ್ದರಿಂದ ಪ್ರಯೋಗ ಮುಗಿಯುವವರೆಗೆ ತೊಳೆದು ಮುಲಾಮು ಹಚ್ಚುವುದನ್ನು ಬಿಡಬೇಡಿ ಎಂದರು. ಬಿಡುವವರು ಯಾರು? ಗದಗಿನಲ್ಲಿ ಬಸ್ಸು ನಿಂತಾಗ ಅತ್ತೆಗೆ ಮಿರ್ಚಿ ಕೊಡಿಸಿದೆ, ಸಕ್ಕರೆಗೇನೂ ಅಡ್ಡಿಯಿಲ್ಲವೆಂದು. ಡಾಕ್ಟರನ್ನು ಕೇಳಿಲ್ಲ.

ಇಮ್ರಾನನಿಗೆ ಫೋಟೊ ತೋರಿಸಿ, ಈಗ ನೋಡು ವಿರೂಢ ಹೇಗೆ ಏಳುತ್ತದೆ ಎಂದು ಎದೆ ತಟ್ಟಿ ಹೇಳಿದೆ.

ಡಿಸೆಂಬರ್ 9, ಸೋಮವಾರ

ವಿರೂಢದ ಫಲಿತಾಂಶ ಬಂತು. ಔಷಧವಿದ್ದ ಮುಲಾಮಿಗೂ ಬರಿ ಮುಲಾಮಿಗೂ ಏನೂ ವ್ಯತ್ಯಾಸವಿಲ್ಲವಂತೆ. ಷೇರು ಮಾರಲು ಹೋದರೆ ಕೊಳ್ಳುವವರೇ ಇಲ್ಲ.

ಸುಳ್ಳು. ಅವರು ಲೆಕ್ಕ ತಪ್ಪಿದ್ದಾರೆ. ನನ್ನ ಹತ್ತಿರ ಫೋಟೊ ಇವೆ!

ಡಿಸೆಂಬರ್ 11, ಬುಧವಾರ

ಇಂದೂ ಕೊಳ್ಳುವವರಿಲ್ಲ. ರೋಣದ ಎರಡು ಮದುವೆ ಡ್ರೋನ್ ಇದ್ದವನ ಪಾಲಾದವು. ಉಮಾಗೆ ಹೇಳಿದೆ. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮತ್ತೆ ಬಡಿದಳು. ಅವ್ವನಿಗೆ ಹೇಳಬೇಡ ಎಂದೆ. ನನ್ನ ಹಣ ಉಳಿಸಬೇಕೆಂದು ಒಲೆಯ ಮುಂದೆ ಚಪ್ಪಲಿ ಮೆಟ್ಟಿದ ಹೆಂಗಸು. ಅವರಿಗೆ ಇದು ತಿಳಿಯಬಾರದು.

ಡಿಸೆಂಬರ್ 17, ಮಂಗಳವಾರ

ಹುಬ್ಬಳ್ಳಿಗೆ ಕೊನೆಯ ಭೇಟಿ. ಟ್ಯೂಬುಗಳನ್ನು ವಾಪಸು ಪಡೆದರು. ಅತ್ತೆ ರಕ್ತ ಕೊಡಲು ಒಳಗೆ ಹೋದಾಗ ಭಾರತಿ ಸಿಸ್ಟರ್ ಹೇಳಿದರು, ಈಗ ಹೇಳಬಹುದಂತೆ, ಮಾನವ್ವನವರಿಗೆ ಬಂದಿದ್ದದ್ದು ಬರಿ ಮುಲಾಮು.

"ಅದು ನಾರ್ತಿತ್ತಲ್ರೀ!" ಎಂದೆ.

"ವಾಸನಿ ಎರಡಕ್ಕೂ ಹಾಕಿದ್ರು."

"ಹಂಗಾರ ಹುಣ್ಣ ಮಾಯ್ದದ್ದು ಹ್ಯಾಂಗ್ರಿ?"

"ದಿನಾ ಸ್ವಚ್ಛ ತೊಳದು ಕಟ್ಟಿದ್ರಿ, ಅವರು ಚಪ್ಪಲ ಬಿಡಲಿಲ್ಲ. ಎಷ್ಟ ಮಂದಿಗೆ ಇದನ್ನ ಹೇಳ್ತೀವಿ, ಮನ್ಯಾಗ ಮಾಡವರ ಇರಂಗಿಲ್ರಿ" ಎಂದು ಸಿಸ್ಟರ್ ಮುಂದಿನ ರೋಗಿಯನ್ನು ಕರೆದರು.

ಆರು ತಿಂಗಳು ಕರೆಂಟ್ ಹೋದಾಗಲೆಲ್ಲ ಬರಿ ಮುಲಾಮನ್ನು ಎದೆಗವಚಿಕೊಂಡು ಓಡಿದೆನಲ್ಲ! ಏನಿಲ್ಲದ ಔಷಧವನ್ನು ನಂಬಿ ಡ್ರೋನನ್ನು ಮುಳುಗಿಸಿದೆ. ಮೋಸ ಹೋದೆ ಎನ್ನೋಣವೆಂದರೆ ಮೋಸ ಮಾಡಿದವರು ಯಾರೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯುತ್ತಿಲ್ಲ.

ಬಸ್ಸಿನಲ್ಲಿ ನರೇಗಲ್ ದಾಟಿದ ಮೇಲೆ ಅತ್ತೆ ಕೇಳಿದರು, "ನಿಮ್ಮ ಕಂಪನಿ ಎದ್ದತೇನ್ರಿ?"

"ಎದ್ದೈತ್ರಿ ಅತ್ತೀ. ಚಲೋ ಎದ್ದೈತಿ. ನಿಮ್ಮ ಕಾಲಿನ ಪುಣ್ಯ."

ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು.

ಡಿಸೆಂಬರ್ 18, ಬುಧವಾರ

ಬೆಳಿಗ್ಗೆ ಎದ್ದು ನೀರು ಕಾಯಿಸಿ, ಟಬ್ಬಿಗೆ ಸುರಿದು, ಪಡಸಾಲೆಯಲ್ಲಿ ಹತ್ತಿ ಹರಿಯುತ್ತ ಕೂತ ಮೇಲೆ ನೆನಪಾಯಿತು. ತೊಳೆಯಲು ಹುಣ್ಣೂ ಇಲ್ಲ, ಹಚ್ಚಲು ಮುಲಾಮೂ ಇಲ್ಲ. ಕೈಯಲ್ಲಿ ಹತ್ತಿ ಹಿಡಿದು ಪೆದ್ದನಂತೆ ಕೂತೇ ಇದ್ದೆ.

ಅತ್ತೆ ಒಳಗಿನಿಂದ ಬಂದು ನೋಡಿದರು. ಚಪ್ಪಲಿ ಕಳಚಿದರು. ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಎಳೆದುಕೊಂಡು, ನನ್ನೆದುರಿಗೇ ಅದರ ಮೇಲೆ ಕೂತು, ಕಾಲನ್ನು ಟಬ್ಬಿನಲ್ಲಿ ಇಟ್ಟರು.

"ಕಂಪನಿ ಮುಳಗಿದ್ದು ಉಮಾ ಅವತ್ತ ಹೇಳ್ಯಾಳ್ರಿ ನನಗ. ನೀರ ಆರತಾವು, ತೊಳೀರಿ."

ತೊಳೆದೆ. ಹೊಸ ಚರ್ಮ ಗಟ್ಟಿಯಾಗಿದೆ, ಬಣ್ಣವೂ ಬಂದಿದೆ. ಒರೆಸುವಾಗ ಎಡಗಾಲನ್ನೂ ಎತ್ತಿ ನೋಡಿದೆ. ಹಿಮ್ಮಡಿಯಲ್ಲಿ ಕೂದಲೆಳೆಯಷ್ಟು ಸೀಳು, ಒಳಗೆ ಕೆಂಪು. ಇದು ಯಾವಾಗಿನಿಂದ ಇದೆ ಎಂದರೆ, ನನಗೇನು ಗೊತ್ತು ಎನ್ನುತ್ತಾರೆ. ಗದರಿದೆ. ನಕ್ಕರು.

ಇಮ್ರಾನನ ಹತ್ತಿರ ಹತ್ತಿಯ ದೊಡ್ಡ ಕಟ್ಟು ತರಬೇಕು. ನಾಳೆಯಿಂದ ಎರಡೂ ಕಾಲು ತೊಳೆಯಬೇಕು.